ಮೇಷ್ಟ್ರು ಓಟಿಗೆ ನಿಂತರೆ



ಯಲ್ದೂರಿನ ನಮ್ಮ ಕಲಿಕಾ ಕೇಂದ್ರದಲ್ಲಿ ಒಂದು ಸಂಜೆ ಪಾಠ ಮುಗಿದಿತ್ತು. ಎಲ್ಲರೂ ಸ್ಲೇಟು ಒರೆಸಿ ಇಡುತ್ತಿದ್ದರು. ಆಗ ಒಬ್ಬ ಅಕ್ಕ ನಮ್ಮನ್ನು ಕೇಳಿದರು.

"ಮೇಷ್ಟ್ರೇ, ಸ್ಕೂಲ್ ಮೇಷ್ಟ್ರು ಎಲೆಕ್ಷನ್‌ಗೆ ನಿಲ್ಲಬಹುದಾ?"

"ಯಾಕಕ್ಕ ಕೇಳ್ತೀರ?"

"ಸ್ಕೂಲಿನ ಕಷ್ಟ ಮೇಷ್ಟ್ರಿಗೇ ತಾನೆ ಗೊತ್ತು? ನಮ್ಮೂರ ಸ್ಕೂಲಲ್ಲಿ ಐದು ಕ್ಲಾಸಿಗೆ ಒಬ್ಬರೇ ಟೀಚರು. ಹೆಣ್ಣುಮಕ್ಕಳ ಕಕ್ಕಸಿಗೆ ನೀರಿಲ್ಲ. ಓದಿದ ಮೇಷ್ಟ್ರೇ ಬೆಂಗಳೂರಿಗೆ ಹೋಗಿ ಕೂತರೆ ಇದೆಲ್ಲ ಸರಿ ಹೋಗಲ್ವಾ?"

ಬಾಗಿಲ ಹತ್ತಿರ ಕೂತಿದ್ದ ಅಜ್ಜ ನಕ್ಕರು. "ಮೇಷ್ಟ್ರು ಬೆಂಗಳೂರಿಗೆ ಹೋದರೆ ಇಲ್ಲಿ ಪಾಠ ಹೇಳೋರು ಯಾರಮ್ಮ?" ಎಂದರು.

ಅಕ್ಕನ ಪ್ರಶ್ನೆ ಒಳ್ಳೆಯದು. ಅಜ್ಜನ ಪ್ರಶ್ನೆಯೂ ಒಳ್ಳೆಯದು. ಅವತ್ತು ಉತ್ತರ ಹೇಳಲು ಹೊತ್ತಾಗಿತ್ತು. ಅದಕ್ಕೇ ಈ ಪಾಠ ಬರೆದಿದ್ದೇವೆ. ನಿಧಾನವಾಗಿ ಓದಿ. ಒಬ್ಬರು ಓದಿ, ನಾಲ್ಕು ಜನ ಕೇಳಿದರೂ ಆಯಿತು.

ಮೇಷ್ಟ್ರಿಗೆ ಓಟಿದೆ, ನಿಲ್ಲುವ ಹಾಗಿಲ್ಲ

ಮೊದಲು ಅಕ್ಕನ ಪ್ರಶ್ನೆಗೆ ನೇರ ಉತ್ತರ. ಸರ್ಕಾರಿ ಶಾಲೆಯ ಮೇಷ್ಟ್ರು ಕೆಲಸದಲ್ಲಿ ಇರುವಾಗ ಚುನಾವಣೆಗೆ ನಿಲ್ಲುವಂತಿಲ್ಲ. ಗ್ರಾಮ ಪಂಚಾಯಿತಿಗೂ ಇಲ್ಲ, ವಿಧಾನಸಭೆಗೂ ಇಲ್ಲ. ಒಂದು ಪಕ್ಷದ ಪರವಾಗಿ ಪ್ರಚಾರ ಮಾಡುವಂತೆಯೂ ಇಲ್ಲ.

ಯಾಕೆ ಹೀಗೆ? ಮೇಷ್ಟ್ರು ಸರ್ಕಾರದ ಸಂಬಳ ತೆಗೆದುಕೊಳ್ಳುತ್ತಾರೆ. ಸರ್ಕಾರವನ್ನು ಪ್ರಶ್ನೆ ಮಾಡುವ ಜಾಗದಲ್ಲಿ ಸರ್ಕಾರದ ನೌಕರರೇ ಕೂತರೆ ಧೈರ್ಯವಾಗಿ ಪ್ರಶ್ನೆ ಕೇಳುವುದು ಹೇಗೆ? ಇದು ಒಂದು ಕಾರಣ. ಇನ್ನೊಂದು ಕಾರಣ ನಿಮಗೂ ಗೊತ್ತು. ಓಟಿನ ದಿನ ನಮ್ಮ ಶಾಲೆಯೇ ಮತಗಟ್ಟೆ. ನಿಮ್ಮ ಹೆಸರು ಕೂಗುವವರು ಮೇಷ್ಟ್ರು. ಬೆರಳಿಗೆ ಶಾಯಿ ಹಚ್ಚುವವರು ಮೇಷ್ಟ್ರು. ಹಾಗಿರುವಾಗ ಮೇಷ್ಟ್ರೇ ಒಂದು ಪಕ್ಷದವರಾದರೆ ಜನ ನಂಬುತ್ತಾರೆಯೆ?

ಆದರೆ ಮೇಷ್ಟ್ರಿಗೂ ಓಟಿದೆ. ಚುನಾವಣೆ ಕೆಲಸಕ್ಕೆ ಬೇರೆ ಊರಿಗೆ ಹೋದವರಿಗೆ ಅಂಚೆ ಮತ ಇರುತ್ತದೆ. ಕೆಲಸಕ್ಕೆ ರಾಜೀನಾಮೆ ಕೊಟ್ಟವರು, ನಿವೃತ್ತಿ ಆದವರು ಎಲ್ಲರ ಹಾಗೆ ಚುನಾವಣೆಗೆ ನಿಲ್ಲಬಹುದು. ಪಂಚಾಯಿತಿಗೆ ನಿಲ್ಲಲು 21 ವರ್ಷ ಆಗಿರಬೇಕು. ವಿಧಾನಸಭೆಗೆ 25 ವರ್ಷ. ವಿಧಾನ ಪರಿಷತ್ತಿಗೆ 30 ವರ್ಷ.

ಶಾಲೆಯ ವಿಷಯ ತೀರ್ಮಾನ ಆಗುವ ಜಾಗ ಒಂದೇ ಅಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇವೆ. ಕೆಳಗಿನ ಮೆಟ್ಟಿಲಿನಿಂದ ಹತ್ತೋಣ.

ಮೊದಲ ಮೆಟ್ಟಿಲು: ಶಾಲೆಯ ಸಮಿತಿ

ನಮ್ಮ ಕಡೆ ಊರೂರಿಗೂ ಹಾಲಿನ ಡೇರಿ ಇದೆ. ಡೇರಿಯ ಚುನಾವಣೆಯಲ್ಲಿ ಯಾರು ಓಟು ಹಾಕುತ್ತಾರೆ? ಡೇರಿಗೆ ಹಾಲು ಹಾಕುವ ಸದಸ್ಯರು. ಶಾಲೆಯ ಸಮಿತಿಯೂ ಹಾಗೆಯೇ. ಶಾಲೆಗೆ ಮಕ್ಕಳನ್ನು ಕಳಿಸುವವರೇ ಆ ಸಮಿತಿಯ ಯಜಮಾನರು.

ಈ ಸಮಿತಿಯ ಹೆಸರು ಉದ್ದ. 'ಶಾಲಾ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ.' ಜನ ಎಸ್.ಡಿ.ಎಂ.ಸಿ. ಅನ್ನುತ್ತಾರೆ. ಕರ್ನಾಟಕ ಸರ್ಕಾರ 2001ರಲ್ಲಿ ಇದನ್ನು ಶುರು ಮಾಡಿತು. ವಿಜ್ಞಾನಿ ರಾಜಾರಾಮಣ್ಣ ಅವರ ಅಧ್ಯಕ್ಷತೆಯಲ್ಲಿ ಶಿಕ್ಷಣದ ಬಗ್ಗೆ ಒಂದು ಕಾರ್ಯಪಡೆ ಇತ್ತು. ಅದು ಕೊಟ್ಟ ಸಲಹೆಯಂತೆ ಈ ಸಮಿತಿಗಳು ಬಂದವು. ಆಮೇಲೆ 2009ರಲ್ಲಿ ಇಡೀ ದೇಶಕ್ಕೆ ಶಿಕ್ಷಣ ಹಕ್ಕು ಕಾಯಿದೆ ಬಂತು. 2010ರ ಏಪ್ರಿಲ್ 1ರಿಂದ ಅದು ಜಾರಿಗೆ ಬಂತು. ಸರ್ಕಾರಿ ಶಾಲೆಗೆ ಇಂಥ ಸಮಿತಿ ಇರಲೇಬೇಕು ಎಂದು ಆ ಕಾಯಿದೆ ಹೇಳುತ್ತದೆ.

ಕಾಯಿದೆಯ ಎರಡು ಮಾತು ಚೆನ್ನಾಗಿ ನೆನಪಿಡಿ.

ಒಂದು: ಸಮಿತಿಯಲ್ಲಿ ನಾಲ್ಕು ಜನ ಇದ್ದರೆ ಮೂರು ಜನ ತಂದೆತಾಯಿ ಅಥವಾ ಪೋಷಕರೇ ಆಗಿರಬೇಕು.

ಎರಡು: ಸಮಿತಿಯಲ್ಲಿ ಅರ್ಧ ಜನ ಹೆಂಗಸರು ಇರಬೇಕು.

ಹಿಂದುಳಿದವರ, ಬಡವರ ಮಕ್ಕಳ ತಂದೆತಾಯಿಗೂ ಸಮಿತಿಯಲ್ಲಿ ಪಾಲು ಕೊಡಬೇಕು ಎಂದಿದೆ. ನಮ್ಮ ರಾಜ್ಯದಲ್ಲಿ ಪೋಷಕರ ಸಭೆ ಸೇರಿಸಿ ಸದಸ್ಯರನ್ನು ಆರಿಸುತ್ತಾರೆ. ಆರಿಸಿ ಬಂದ ಪೋಷಕರಲ್ಲೇ ಒಬ್ಬರು ಅಧ್ಯಕ್ಷರು. ಹೆಡ್ ಮೇಷ್ಟ್ರು ಕಾರ್ಯದರ್ಶಿ. ಅಂದರೆ ಇಲ್ಲಿ ಮೇಷ್ಟ್ರು ಲೆಕ್ಕ ಬರೆಯುವವರು. ಅಧ್ಯಕ್ಷರ ಕುರ್ಚಿ ನಿಮ್ಮದು.

ಈ ಸಮಿತಿ ಏನು ಮಾಡಬಹುದು? ಶಾಲೆ ಹೇಗೆ ನಡೆಯುತ್ತಿದೆ ಎಂದು ನೋಡಬಹುದು. ಟೀಚರು ಹೊತ್ತಿಗೆ ಬರುತ್ತಾರೆಯೆ, ಬಿಸಿಯೂಟ ಸರಿಯಾಗಿದೆಯೆ, ಸರ್ಕಾರದಿಂದ ಬಂದ ಹಣ ಯಾವುದಕ್ಕೆ ಖರ್ಚಾಯಿತು ಎಂದು ಕೇಳಬಹುದು. ಮುಂದೆ ಶಾಲೆಗೆ ಏನೇನು ಬೇಕು ಎಂದು ಒಂದು ಯೋಜನೆ ಬರೆದು ಕೊಡಬಹುದು. ಎಷ್ಟು ಕೊಠಡಿ ಬೇಕು, ಎಷ್ಟು ಟೀಚರು ಬೇಕು, ಎಷ್ಟು ಹಣ ಬೇಕು, ಎಲ್ಲ ಅದರಲ್ಲಿ ಬರೆಯಬೇಕು. ಸರ್ಕಾರ ಹಣ ಕೊಡುವಾಗ ಆ ಯೋಜನೆಯನ್ನೇ ಆಧಾರ ಮಾಡಿಕೊಳ್ಳಬೇಕು ಎಂದು ಕಾಯಿದೆ ಹೇಳುತ್ತದೆ.

ಏನು ಮಾಡಲಾಗದು? ಹೊಸ ಟೀಚರನ್ನು ಸಮಿತಿಯೇ ನೇಮಕ ಮಾಡಲಾಗದು. ಅದು ಸರ್ಕಾರದ ಕೆಲಸ. ಆದರೆ ಟೀಚರಿಲ್ಲ ಎಂದು ಬರೆದು, ರುಜು ಹಾಕಿ, ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕೊಟ್ಟು, ಅರ್ಜಿ ತಲುಪಿದ್ದಕ್ಕೆ ಸೀಲು ಹಾಕಿಸಿಕೊಂಡು ಬರಬಹುದು. ಬಾಯಿಮಾತು ಗಾಳಿಯಲ್ಲಿ ಹೋಗುತ್ತದೆ. ಬರೆದ ಕಾಗದ ಫೈಲಿನಲ್ಲಿ ಉಳಿಯುತ್ತದೆ.

ಬೇರೆ ಕಡೆಯೂ ಇಂಥ ಏರ್ಪಾಡು ಇದೆ. ಅಮೆರಿಕ ದೇಶದಲ್ಲಿ ಶಾಲೆಗಳಿಗೆ ಸ್ಥಳೀಯ ಶಾಲಾ ಮಂಡಳಿ ಇರುತ್ತದೆ. ಹೆಚ್ಚಿನ ಕಡೆ ಆ ಊರಿನ ಜನರೇ ಓಟು ಹಾಕಿ ಮಂಡಳಿಯನ್ನು ಆರಿಸುತ್ತಾರೆ. ನಿವೃತ್ತ ಶಿಕ್ಷಕರು ಅದಕ್ಕೆ ನಿಲ್ಲುವುದು ಅಲ್ಲಿ ಮಾಮೂಲು. ನಮ್ಮಲ್ಲೂ ಧಾರವಾಡ, ಬೆಳಗಾವಿ, ವಿಜಯಪುರದ ಕಡೆ, ಅವು ಮುಂಬಯಿ ಪ್ರಾಂತ್ಯದಲ್ಲಿದ್ದಾಗ, ಸ್ಕೂಲ್ ಬೋರ್ಡು ಎಂದು ಇತ್ತು. 1923ರ ಒಂದು ಕಾಯಿದೆಯಿಂದ ಅಲ್ಲಿನ ಪ್ರಾಥಮಿಕ ಶಾಲೆಗಳ ಆಡಳಿತ ಆ ಬೋರ್ಡುಗಳ ಕೈಗೆ ಬಂದಿತ್ತು.

ಎರಡನೆಯ ಮೆಟ್ಟಿಲು: ಪಂಚಾಯಿತಿ

ಗ್ರಾಮ ಪಂಚಾಯಿತಿ ಎಂದರೆ ಬೀದಿ ದೀಪ, ಚರಂಡಿ, ನಲ್ಲಿ ಅಷ್ಟೇ ಎಂದು ನಾವು ತಿಳಿದಿದ್ದೇವೆ. ಹಾಗಲ್ಲ. 1993ರ ಕರ್ನಾಟಕ ಪಂಚಾಯತ್ ರಾಜ್ ಕಾಯಿದೆಯಲ್ಲಿ ಗ್ರಾಮ ಪಂಚಾಯಿತಿಗೆ ಸೌಕರ್ಯ ಸಮಿತಿ ಎಂದು ಒಂದು ಇದೆ. ಶಿಕ್ಷಣ, ಜನರ ಆರೋಗ್ಯ, ಊರಿನ ಕಾಮಗಾರಿ ಈ ಸಮಿತಿಗೆ ಸೇರುತ್ತವೆ. ಜಿಲ್ಲಾ ಪಂಚಾಯಿತಿಯಲ್ಲಿ ಶಿಕ್ಷಣ ಮತ್ತು ಆರೋಗ್ಯ ಸ್ಥಾಯಿ ಸಮಿತಿ ಎಂದು ಬೇರೆಯೇ ಇದೆ.

ಹಾಗಾದರೆ ಅಕ್ಕ ಹೇಳಿದ ಕಕ್ಕಸಿನ ನೀರು ಎಲ್ಲಿಯ ವಿಷಯ? ಅದಕ್ಕೆ ಬೆಂಗಳೂರಿನವರೆಗೆ ಹೋಗಬೇಕಿಲ್ಲ. ಶಾಲೆಯ ಸಮಿತಿ ಬರೆದು ಕೊಡಬೇಕು. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಬೇಕು. ಪಂಚಾಯಿತಿ ನಿರ್ಣಯ ಮಾಡಬೇಕು.

ಮೇಷ್ಟ್ರಾಗಿ ಬದುಕಿ ಪಂಚಾಯಿತಿ ಅಧ್ಯಕ್ಷರಾದವರು ಇದ್ದಾರೆಯೆ? ಇದ್ದಾರೆ. ದೊಡ್ಡ ಹೆಸರು ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈ ಅವರದು. ಕಾಸರಗೋಡು ಈಗ ಕೇರಳದಲ್ಲಿದೆ. ಅಲ್ಲಿ ಕನ್ನಡ ಜನ ಬಹಳ ಇದ್ದಾರೆ. ರೈ ಅವರು 1915ರಲ್ಲಿ ಹುಟ್ಟಿದರು. ಪೆರಡಾಲದ ನವಜೀವನ ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದರು. ಕವಿಗಳು. ಸ್ವಾತಂತ್ರ್ಯ ಹೋರಾಟದಲ್ಲಿ ಇದ್ದವರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂದು ಹೋರಾಡಿದವರು. 1969ರಲ್ಲಿ ಅವರಿಗೆ ರಾಷ್ಟ್ರಮಟ್ಟದ ಉತ್ತಮ ಶಿಕ್ಷಕ ಪ್ರಶಸ್ತಿ ಬಂತು. ಬದಿಯಡ್ಕ ಪಂಚಾಯಿತಿಯ ಅಧ್ಯಕ್ಷರೂ ಆಗಿದ್ದರು. ನೂರು ವರ್ಷ ಬದುಕಿ 2015ರಲ್ಲಿ ತೀರಿಕೊಂಡರು.

ಇದರಿಂದ ನಾವು ತಿಳಿಯುವುದೇನು? ಊರಿನ ಕೆಲಸ ಸಣ್ಣದಲ್ಲ. ಅಷ್ಟು ದೊಡ್ಡ ಕವಿ, ಅಷ್ಟು ದೊಡ್ಡ ಮೇಷ್ಟ್ರು ಪಂಚಾಯಿತಿ ಕುರ್ಚಿಯನ್ನು ಸಣ್ಣದು ಎನ್ನಲಿಲ್ಲ.

ಮೂರನೆಯ ಮೆಟ್ಟಿಲು: ರಾಜ್ಯದ ಎರಡು ಮನೆಗಳು

ಬೆಂಗಳೂರಿನ ವಿಧಾನಸೌಧದಲ್ಲಿ ಎರಡು ಮನೆಗಳಿವೆ. ಒಂದು ವಿಧಾನಸಭೆ. ಇನ್ನೊಂದು ವಿಧಾನ ಪರಿಷತ್ತು.

ವಿಧಾನಸಭೆಗೆ ನಾವು ನೀವು ಎಲ್ಲರೂ ಓಟು ಹಾಕುತ್ತೇವೆ. ಅಲ್ಲಿ 224 ಜನ ಇದ್ದಾರೆ. ಅವರನ್ನು ಎಂ.ಎಲ್.ಎ. ಅನ್ನುತ್ತೇವೆ. ನಮ್ಮ ಶ್ರೀನಿವಾಸಪುರ ಕ್ಷೇತ್ರದಿಂದ ಒಬ್ಬರು ಹೋಗುತ್ತಾರೆ.

ವಿಧಾನ ಪರಿಷತ್ತಿನಲ್ಲಿ 75 ಜನ. ಅವರನ್ನು ಎಂ.ಎಲ್.ಸಿ. ಅನ್ನುತ್ತೇವೆ. ಅವರು ಬರುವ ದಾರಿ ಬೇರೆ ಬೇರೆ.

25 ಜನರನ್ನು ಎಂ.ಎಲ್.ಎ.ಗಳು ಆರಿಸುತ್ತಾರೆ.
25 ಜನರನ್ನು ಪಂಚಾಯಿತಿ, ಪುರಸಭೆ ಮೊದಲಾದ ಸ್ಥಳೀಯ ಸಂಸ್ಥೆಗಳ ಸದಸ್ಯರು ಆರಿಸುತ್ತಾರೆ.
7 ಜನರನ್ನು ಪದವೀಧರರು ಆರಿಸುತ್ತಾರೆ.
7 ಜನರನ್ನು ಶಿಕ್ಷಕರು ಆರಿಸುತ್ತಾರೆ.
11 ಜನರನ್ನು ರಾಜ್ಯಪಾಲರು ನೇಮಿಸುತ್ತಾರೆ.

ಕೂಡಿಸಿ ನೋಡಿ. 75 ಆಗುತ್ತದೆ.

ನೋಡಿದಿರಾ? ಶಿಕ್ಷಕರಿಗೆ ಎಂದೇ 7 ಜಾಗ ಇದೆ. ಇದು ಎಲ್ಲ ರಾಜ್ಯದಲ್ಲೂ ಇಲ್ಲ. ವಿಧಾನ ಪರಿಷತ್ತು ಇರುವ ರಾಜ್ಯಗಳಲ್ಲಿ ಮಾತ್ರ ಇದೆ. ನಮ್ಮ ಕೋಲಾರ ಜಿಲ್ಲೆ ಆಗ್ನೇಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿದೆ. ಚಿಕ್ಕಬಳ್ಳಾಪುರ, ತುಮಕೂರು, ಚಿತ್ರದುರ್ಗ, ದಾವಣಗೆರೆ ಕಡೆಯವರೂ ಇದೇ ಕ್ಷೇತ್ರದಲ್ಲಿ ಇದ್ದಾರೆ. 2024ರ ಜೂನ್ 3ರಂದು ಇಲ್ಲಿ ಓಟು ನಡೆಯಿತು. ಗೆದ್ದವರ ಅವಧಿ ಆರು ವರ್ಷ.

ಹುಬ್ಬಳ್ಳಿಯ ಆಟದ ಮೇಷ್ಟ್ರು

ಈ ದಾರಿಯಲ್ಲಿ ಬಹಳ ದೂರ ಹೋದ ಒಬ್ಬ ಮೇಷ್ಟ್ರ ವಿಷಯ ಹೇಳುತ್ತೇವೆ. ಅವರ ಪಕ್ಷದ ಪರವಾಗಿ ಅಲ್ಲ, ವಿರೋಧವಾಗಿಯೂ ಅಲ್ಲ. ದಾರಿ ಹೇಗಿದೆ ಎಂದು ತಿಳಿಯಲು.

ಅವರ ಹೆಸರು ಬಸವರಾಜ ಹೊರಟ್ಟಿ. 1946ರಲ್ಲಿ ಹುಟ್ಟಿದರು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಣದ ಶಿಕ್ಷಕರಾಗಿದ್ದರು. ಅಂದರೆ ಡ್ರಿಲ್ ಮೇಷ್ಟ್ರು. ಶಿಕ್ಷಕರ ಸಂಘದಲ್ಲಿ ಮುಂದೆ ನಿಂತು ಕೆಲಸ ಮಾಡಿದರು. 1980ರಲ್ಲಿ ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ ಗೆದ್ದು ವಿಧಾನ ಪರಿಷತ್ತಿಗೆ ಬಂದರು. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ ಆ ಕ್ಷೇತ್ರದಲ್ಲಿವೆ.

ಆಮೇಲೆ ಅವರು ಸೋಲಲೇ ಇಲ್ಲ. 2022ರಲ್ಲಿ ಎಂಟನೆಯ ಸಲ ಗೆದ್ದರು. ಬಹಳ ಕಾಲ ಜನತಾದಳದಲ್ಲಿದ್ದವರು ಆ ವರ್ಷ ಬಿ.ಜೆ.ಪಿ. ಸೇರಿದ್ದರು. ಪಕ್ಷ ಬದಲಾದರೂ ಶಿಕ್ಷಕರು ಅವರನ್ನೇ ಆರಿಸಿದರು. ನಡುವೆ, 2006ರಲ್ಲಿ ಬಂದ ಸರ್ಕಾರದಲ್ಲಿ ಶಿಕ್ಷಣ ಮಂತ್ರಿಯೂ ಆಗಿದ್ದರು. 2021ರಲ್ಲಿ ವಿಧಾನ ಪರಿಷತ್ತಿನ ಸಭಾಪತಿ ಆದರು. ಸಭಾಪತಿ ಎಂದರೆ ಆ ಮನೆಯ ಸಭೆ ನಡೆಸುವವರು. ಶಾಲೆಯ ಮೈದಾನದಲ್ಲಿ ಸೀಟಿ ಊದುತ್ತಿದ್ದ ಮೇಷ್ಟ್ರು ಪರಿಷತ್ತಿನಲ್ಲಿ ಗಂಟೆ ಬಾರಿಸುವ ಸಭಾಪತಿಯಾದರು.

ಎಂಟು ಸಲ ಗೆಲ್ಲುವುದು ಹೇಗಾಯಿತು? ಒಂದು ಕಾರಣ ಆ ಕ್ಷೇತ್ರದ ರೀತಿ. ಎಂ.ಎಲ್.ಎ. ಕ್ಷೇತ್ರದಲ್ಲಿ ಮತದಾರರು ಲಕ್ಷ ದಾಟುತ್ತಾರೆ. ಶಿಕ್ಷಕರ ಕ್ಷೇತ್ರದಲ್ಲಿ ಕೆಲವು ಸಾವಿರ ಮಾತ್ರ. ಎಲ್ಲರದ್ದೂ ಒಂದೇ ಕಸುಬು. ಅವರ ಕಷ್ಟ ಹೆಚ್ಚು ಕಡಿಮೆ ಒಂದೇ: ಸಂಬಳ, ಬಡ್ತಿ, ವರ್ಗಾವಣೆ, ಪಿಂಚಣಿ, ಶಾಲೆಗೆ ಅನುದಾನ. ಅದನ್ನು ಬಲ್ಲವರು, ಕರೆದಾಗ ಸಿಗುವವರು ಅಲ್ಲಿ ಬೇರು ಬಿಡುತ್ತಾರೆ.

1, 2, 3 ಎಂದು ಬರೆಯುವ ಓಟು

ಶಿಕ್ಷಕರ ಕ್ಷೇತ್ರದಲ್ಲಿ ಓಟು ಹಾಕುವ ರೀತಿಯೇ ಬೇರೆ. ಅಲ್ಲಿ ಗುಂಡಿ ಒತ್ತುವ ಯಂತ್ರ ಇಲ್ಲ. ಕಾಗದ ಕೊಡುತ್ತಾರೆ. ಹಸ್ತ, ಕಮಲ, ತೆನೆ ಎಂಬ ಗುರುತು ಅದರಲ್ಲಿ ಇರುವುದಿಲ್ಲ. ಹೆಸರು ಓದಿಯೇ ಓಟು ಹಾಕಬೇಕು. ಅಧಿಕಾರಿಗಳು ಒಂದು ನೇರಳೆ ಬಣ್ಣದ ಪೆನ್ನು ಕೊಡುತ್ತಾರೆ. ಅದರಲ್ಲೇ ಬರೆಯಬೇಕು.

ಯಾರು ನಿಮಗೆ ಎಲ್ಲರಿಗಿಂತ ಮೇಲೋ ಅವರ ಹೆಸರಿನ ಮುಂದೆ 1 ಎಂದು ಬರೆಯಬೇಕು. ಆಮೇಲೆ ಬೇಕಾದರೆ 2, 3 ಎಂದು ಬರೆಯಬಹುದು. 1 ಬರೆಯದಿದ್ದರೆ ಓಟು ಕೆಟ್ಟ ಹಾಗೆ. ಟಿಕ್ ಹಾಕಿದರೂ ಕೆಟ್ಟ ಹಾಗೆ. ಓದಿದ ಮೇಷ್ಟ್ರುಗಳೂ ಇದರಲ್ಲಿ ತಪ್ಪು ಮಾಡುತ್ತಾರೆ!

ಎಣಿಸುವುದು ಹೇಗೆ? ಒಂದು ಲೆಕ್ಕ ಮಾಡೋಣ. ಮೂರು ಜನ ನಿಂತಿದ್ದಾರೆ ಎನ್ನಿ. ಅವರನ್ನು ಮಾವು, ಹುಣಿಸೆ, ಹಲಸು ಎಂದು ಕರೆಯೋಣ. ಸರಿಯಾದ ಓಟು 100. ಗೆಲ್ಲಲು ಅರ್ಧಕ್ಕಿಂತ ಹೆಚ್ಚು, ಅಂದರೆ 51 ಬೇಕು.

ಮೊದಲ ಎಣಿಕೆ: ಮಾವಿಗೆ 45. ಹುಣಿಸೆಗೆ 35. ಹಲಸಿಗೆ 20.

ಯಾರಿಗೂ 51 ಬರಲಿಲ್ಲ. ಕಡಿಮೆ ಬಂದ ಹಲಸು ಹೊರಗೆ ಹೋಗುತ್ತದೆ. ಆದರೆ ಹಲಸಿಗೆ ಓಟು ಹಾಕಿದವರ ಓಟು ದಂಡ ಆಗುವುದಿಲ್ಲ. ಅವರು 2 ಎಂದು ಯಾರಿಗೆ ಬರೆದಿದ್ದಾರೆ ಎಂದು ನೋಡುತ್ತಾರೆ. 4 ಜನ ಮಾವಿಗೆ ಬರೆದಿದ್ದಾರೆ. 16 ಜನ ಹುಣಿಸೆಗೆ ಬರೆದಿದ್ದಾರೆ.

ಎರಡನೆಯ ಎಣಿಕೆ: ಮಾವಿಗೆ 45 ಕೂಡಿಸು 4, ಒಟ್ಟು 49. ಹುಣಿಸೆಗೆ 35 ಕೂಡಿಸು 16, ಒಟ್ಟು 51.

ಹುಣಿಸೆ ಗೆದ್ದಿತು! ಮೊದಲ ಎಣಿಕೆಯಲ್ಲಿ ಮುಂದೆ ಇದ್ದ ಮಾವು ಸೋತಿತು. ಯಾಕೆಂದರೆ ಇಲ್ಲಿ ಹೆಚ್ಚು ಜನ ಒಪ್ಪುವವರು ಗೆಲ್ಲಬೇಕು.

ಯಾರಿಗೆ ಈ ಓಟು ಇಲ್ಲ?

ಇಲ್ಲಿ ಒಂದು ಮಾತು ಹೇಳಲೇಬೇಕು. ಶಿಕ್ಷಕರ ಕ್ಷೇತ್ರ ಎಂದ ಮಾತ್ರಕ್ಕೆ ಎಲ್ಲ ಶಿಕ್ಷಕರಿಗೂ ಅಲ್ಲಿ ಓಟು ಇಲ್ಲ. ಹೈಸ್ಕೂಲು ಮತ್ತು ಅದಕ್ಕೆ ಮೇಲಿನ ಸಂಸ್ಥೆಗಳಲ್ಲಿ ಪಾಠ ಹೇಳುವವರಿಗೆ ಮಾತ್ರ. ಹಿಂದಿನ ಆರು ವರ್ಷದಲ್ಲಿ ಒಟ್ಟು ಮೂರು ವರ್ಷವಾದರೂ ಪಾಠ ಹೇಳಿರಬೇಕು. ಅವರೂ ಅರ್ಜಿ ಹಾಕಿ ಪಟ್ಟಿಗೆ ಹೆಸರು ಸೇರಿಸಬೇಕು.

ಒಂದನೆಯ ಕ್ಲಾಸಿನಲ್ಲಿ ನಿಮ್ಮ ಮಗುವಿನ ಕೈಹಿಡಿದು ಅ, ಆ, ಇ, ಈ ತಿದ್ದಿಸುವ ಟೀಚರಿಗೆ ಈ ಓಟು ಇಲ್ಲ. ನಾವೂ ಪ್ರಾಥಮಿಕ ಶಾಲೆಯವರೇ. ನಮಗೂ ಇಲ್ಲ. ಸಂವಿಧಾನದಲ್ಲೇ ಹಾಗೆ ಬರೆದಿದೆ. ಇದು ಸರಿಯೆ ಎಂದು ಬಹಳ ಜನ ಕೇಳುತ್ತಾರೆ. ಅಕ್ಷರದ ಬುನಾದಿ ಹಾಕುವವರಿಗೆ ಶಿಕ್ಷಕರ ಓಟು ಇಲ್ಲ ಎಂದರೆ ನಮಗೂ ಬೇಜಾರು ಆಗುತ್ತದೆ.

ಇನ್ನೊಂದು ವಿಚಿತ್ರ ಇದೆ. ಶಿಕ್ಷಕರ ಕ್ಷೇತ್ರಕ್ಕೆ ನಿಲ್ಲುವವರು ಶಿಕ್ಷಕರೇ ಆಗಿರಬೇಕು ಎಂದು ಇಲ್ಲ. 1972ರಲ್ಲಿ ಇಂಥದೇ ಒಂದು ಮೊಕದ್ದಮೆ ಸುಪ್ರೀಂ ಕೋರ್ಟಿನ ಮುಂದೆ ಬಂತು. ಮದರಾಸಿನ ಪದವೀಧರ ಕ್ಷೇತ್ರದಲ್ಲಿ ಪದವಿ ಇಲ್ಲದವರು ಗೆದ್ದಿದ್ದರು. ಓಟು ಹಾಕುವವರಿಗೆ ಪದವಿ ಬೇಕು, ನಿಲ್ಲುವವರಿಗೆ ಬೇಕು ಎಂದು ಸಂವಿಧಾನ ಹೇಳಿಲ್ಲ ಎಂದು ಕೋರ್ಟು ತೀರ್ಪು ಕೊಟ್ಟಿತು.

ಈಗ ಯೋಚನೆ ಮಾಡಿ. ಶಿಕ್ಷಕರ ಕ್ಷೇತ್ರದಿಂದ ಗೆದ್ದವರು ಯಾರಿಗೆ ಉತ್ತರ ಹೇಳಬೇಕು? ಓಟು ಕೊಟ್ಟ ಶಿಕ್ಷಕರಿಗೆ. ಅದು ತಪ್ಪಲ್ಲ. ಶಿಕ್ಷಕರಿಗೂ ಒಂದು ದನಿ ಬೇಕು. ಸಂಬಳ ಬಾರದ ಟೀಚರು ಮನಸ್ಸಿಟ್ಟು ಪಾಠ ಹೇಳುವುದು ಕಷ್ಟ. ಆದರೆ ಐದು ಕ್ಲಾಸಿಗೆ ಒಬ್ಬರೇ ಟೀಚರು ಇರುವ ಶಾಲೆಯ ಮಕ್ಕಳ ಪರವಾಗಿ ಕೇಳುವವರು ಯಾರು? ಮಕ್ಕಳಿಗೆ ಓಟಿಲ್ಲ. ಅವರ ಪರವಾಗಿ ಕೇಳಬೇಕಾದವರು ಅವರ ತಂದೆತಾಯಿ. ಅಂದರೆ ನೀವು.

ನಿಲ್ಲಲು ಓದಿರಬೇಕೆ?

ಹೀಗೆಂದಾಗ ಆ ಅಕ್ಕ ತಲೆ ತಗ್ಗಿಸಿದರು. "ನಾವು ಓದಿದವರಲ್ಲ ಮೇಷ್ಟ್ರೇ. ಈಗ ತಾನೆ ಹೆಸರು ಬರೆಯೋದು ಕಲಿತಿದ್ದೀವಿ. ನಮ್ಮನ್ನ ಯಾರು ಕೂರಿಸ್ತಾರೆ?" ಎಂದರು.

ಅಕ್ಕ, ಕೇಳಿ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗೆ ನಿಲ್ಲಲು ಇಷ್ಟು ಕ್ಲಾಸು ಓದಿರಬೇಕು ಎಂಬ ನಿಯಮ ಇಲ್ಲ. ಎಂ.ಎಲ್.ಎ. ಆಗಲೂ ಇಲ್ಲ. ಶಾಲೆಯ ಸಮಿತಿಗೆ ಬೇಕಾದದ್ದು ಆ ಶಾಲೆಯಲ್ಲಿ ಓದುವ ಮಗು. ನಿಮಗೆ ಆ ಮಗು ಇದೆ.

ಬೇರೆ ರಾಜ್ಯದಲ್ಲಿ ಹೀಗಿರಲಿಲ್ಲ. ರಾಜಸ್ಥಾನದಲ್ಲಿ 2014ರ ಕೊನೆಯಲ್ಲಿ ಒಂದು ನಿಯಮ ಬಂತು. ಸರಪಂಚ ಆಗಲು ಎಂಟನೆಯ ಕ್ಲಾಸು ಓದಿರಬೇಕು ಎಂದರು. ಗುಡ್ಡಗಾಡು ಜನರಿರುವ ಪರಿಶಿಷ್ಟ ಪ್ರದೇಶದಲ್ಲಿ ಐದನೆಯ ಕ್ಲಾಸು. 2015ರಲ್ಲಿ ಹರಿಯಾಣ ರಾಜ್ಯವೂ ಇಂಥ ನಿಯಮ ತಂದಿತು. ಅಲ್ಲಿ ಸಾಮಾನ್ಯ ವರ್ಗದ ಗಂಡಸರಿಗೆ ಹತ್ತನೆಯ ಕ್ಲಾಸು ಆಗಿರಬೇಕು. ಆ ನಿಯಮವನ್ನು ಪ್ರಶ್ನಿಸಿ ಹೆಂಗಸರು ಸುಪ್ರೀಂ ಕೋರ್ಟಿಗೆ ಹೋದರು. 2015ರ ಡಿಸೆಂಬರಿನಲ್ಲಿ ಕೋರ್ಟು ನಿಯಮ ಸರಿ ಎಂದಿತು. ಬಹಳ ಜನ ನಿಲ್ಲುವ ಹಕ್ಕನ್ನು ಕಳೆದುಕೊಂಡರು. ರಾಜಸ್ಥಾನದಲ್ಲಿ 2019ರಲ್ಲಿ ಆ ನಿಯಮ ತೆಗೆದರು.

ನಮ್ಮ ಅಭಿಪ್ರಾಯ ಕೇಳಿದರೆ ಹೀಗೆ ಹೇಳುತ್ತೇವೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗದೆ ಇದ್ದದ್ದು ನಿಮ್ಮ ತಪ್ಪಲ್ಲ. ಮನೆಯಲ್ಲಿ ಬಡತನ ಇತ್ತು. ತಮ್ಮ ತಂಗಿಯರನ್ನು ಎತ್ತಿಕೊಳ್ಳಬೇಕಿತ್ತು. ಆ ನಷ್ಟಕ್ಕೆ ಇನ್ನೊಂದು ದಂಡ ಹಾಕಬಾರದು. ಆದರೆ ಓದು ಬಂದರೆ ಬಲ ಬರುತ್ತದೆ ಎಂಬುದೂ ನಿಜ. ಅಧ್ಯಕ್ಷರ ಮುಂದೆ ಚೆಕ್ಕು ಬರುತ್ತದೆ, ನಡವಳಿ ಪುಸ್ತಕ ಬರುತ್ತದೆ. ಓದಲು ಬಾರದವರ ಹತ್ತಿರ "ಇಲ್ಲಿ ಹೆಬ್ಬೆಟ್ಟು ಒತ್ತಮ್ಮ" ಅನ್ನುತ್ತಾರೆ. ಏನು ಬರೆದಿದೆ ಎಂದು ಹೇಳುವುದಿಲ್ಲ. ಈಗ ನಿಮಗೆ ಅಕ್ಷರ ಬಂದಿದೆ, ಅಂಕಿ ಬಂದಿದೆ. ಓದದೆ ರುಜು ಹಾಕಬೇಡಿ. ಅರ್ಥ ಆಗದಿದ್ದರೆ "ಇನ್ನೊಂದು ಸಲ ಓದಿ ಹೇಳಿ" ಎಂದು ಕೇಳಿ. ಹಾಗೆ ಕೇಳಲು ನಾಚಿಕೆ ಬೇಡ. ಅದು ನಿಮ್ಮ ಹಕ್ಕು.

ಓಟು ಕೇಳಲು ಬಂದವರನ್ನು ಏನು ಕೇಳಬೇಕು?

ನಿವೃತ್ತ ಮೇಷ್ಟ್ರು ಒಬ್ಬರು ಪಂಚಾಯಿತಿಗೋ ವಿಧಾನಸಭೆಗೋ ನಿಂತರು ಎನ್ನಿ. ನಿಮ್ಮ ಮನೆ ಬಾಗಿಲಿಗೆ ಬಂದು ಕೈ ಮುಗಿದರು. ನಿಮಗೆ ಅಕ್ಷರ ಕಲಿಸಿದವರು. ನಿಮ್ಮ ಮಗನಿಗೂ ಕಲಿಸಿದವರು. ಗೌರವ ಕೊಡಿ. ಕೂರಿಸಿ ನೀರು ಕೊಡಿ. ಆದರೆ ಗೌರವ ಬೇರೆ, ಓಟು ಬೇರೆ. ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ಓಟು ಕೊಡಬೇಡಿ. ಮೇಷ್ಟ್ರು ಎಂಬ ಕಾರಣಕ್ಕೆ ಬೇಡ ಎನ್ನಲೂ ಬೇಡಿ. ಹೀಗೆ ಕೇಳಿ:

ಮೇಷ್ಟ್ರೇ, ನೀವು ಕೆಲಸದಲ್ಲಿದ್ದಾಗ ಹೊತ್ತಿಗೆ ಶಾಲೆಗೆ ಬರುತ್ತಿದ್ದಿರಾ?

ಶಾಲೆಯ ಸಮಿತಿಗೆ ಲೆಕ್ಕ ತೋರಿಸುತ್ತಿದ್ದಿರಾ?

ಬಡವರ ಮಕ್ಕಳನ್ನೂ ಮುಂದಿನ ಸಾಲಿನಲ್ಲಿ ಕೂರಿಸುತ್ತಿದ್ದಿರಾ?

ಈಗ ನಿಂತಿರುವ ಜಾಗದಿಂದ ನಮ್ಮ ಶಾಲೆಗೆ ಏನು ಮಾಡಲು ಬರುತ್ತದೆ? ಏನು ಬರುವುದಿಲ್ಲ?

ಕೊನೆಯ ಪ್ರಶ್ನೆ ಮುಖ್ಯ. ಪಂಚಾಯಿತಿಗೆ ನಿಂತವರು "ಹತ್ತು ಟೀಚರು ತರುತ್ತೇನೆ" ಎಂದರೆ ನಂಬಬೇಡಿ. ಟೀಚರ ನೇಮಕ ರಾಜ್ಯ ಸರ್ಕಾರದ್ದು. ಎಂ.ಎಲ್.ಎ. ಆಗುವವರು "ಅದು ನಮ್ಮ ಕೈಯಲ್ಲಿಲ್ಲ" ಎಂದರೂ ಒಪ್ಪಬೇಡಿ. ರಾಜ್ಯದ ಹಣದ ಲೆಕ್ಕ ಒಪ್ಪುವುದು ವಿಧಾನಸಭೆ. ವಿಧಾನ ಪರಿಷತ್ತು ಮಂತ್ರಿಗಳನ್ನು ಪ್ರಶ್ನೆ ಕೇಳಬಹುದು. ಆದರೆ ಹಣದ ಮಸೂದೆಯನ್ನು ಅದು ತಡೆಯಲಾಗದು. ಹದಿನಾಲ್ಕು ದಿನದೊಳಗೆ ವಾಪಸು ಕಳಿಸಬೇಕು. ಯಾವ ಕುರ್ಚಿಗೆ ಎಷ್ಟು ಬಲ ಎಂದು ತಿಳಿದವರಿಗೆ ಮೋಸ ಮಾಡುವುದು ಕಷ್ಟ.

ಇನ್ನೊಂದು ಮಾತು. ಶಾಲೆ ಮಕ್ಕಳ ಕೈಗೆ ಬಾವುಟ ಕೊಟ್ಟು ಪ್ರಚಾರ ಮಾಡಿಸಬಾರದು ಎಂದು ಚುನಾವಣಾ ಆಯೋಗ ಹೇಳಿದೆ. ಯಾರಾದರೂ ಹಾಗೆ ಮಾಡಿದರೆ "ನಮ್ಮ ಮಗು ಬರಲ್ಲ" ಎಂದು ಹೇಳಿ.

ಅಜ್ಜನ ಪ್ರಶ್ನೆ

"ಮೇಷ್ಟ್ರು ಬೆಂಗಳೂರಿಗೆ ಹೋದರೆ ಇಲ್ಲಿ ಪಾಠ ಹೇಳೋರು ಯಾರು?" ಎಂದು ಅಜ್ಜ ಕೇಳಿದ್ದರಲ್ಲ. ಅದಕ್ಕೆ ಈಗ ಉತ್ತರ ಸಿಕ್ಕಿತು. ಕೆಲವರು ಹೋಗಲಿ. ಬೆಂಗಳೂರಿನಲ್ಲಿ ಶಾಲೆಯ ವಿಷಯ ಬಲ್ಲವರು ಬೇಕು. ಆದರೆ ಊರಿನ ಶಾಲೆಯನ್ನು ಬೆಂಗಳೂರಿನಿಂದ ದಿನಾ ನೋಡಿಕೊಳ್ಳಲು ಆಗದು. ದಿನಾ ನೋಡುವ ಕಣ್ಣು ಊರಲ್ಲೇ ಇರಬೇಕು. ಡೇರಿಗೆ ಹಾಲು ಹಾಕುವಾಗ ಅಳತೆ ಸರಿಯಿದೆಯೆ ಎಂದು ನೋಡುತ್ತೀರಿ. ಶಾಲೆಗೆ ನೀವು ಹಾಕುವುದು ಹಾಲಲ್ಲ, ಮಕ್ಕಳು.

ಇದನ್ನೆಲ್ಲ ಮಾತಾಡಿದ ಮೇಲೆ ಆ ಅಕ್ಕ ಎದ್ದು ಸ್ಲೇಟು ಮತ್ತೆ ಕೈಗೆ ತೆಗೆದುಕೊಂಡರು. ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಅದರ ಪಕ್ಕದಲ್ಲಿ 'ಸದಸ್ಯರು' ಎಂದು ಬರೆಯುವುದು ಹೇಗೆ ಎಂದು ಕೇಳಿದರು. ನಾವು ಬರೆದು ತೋರಿಸಿದೆವು. "ಮುಂದಿನ ಪೋಷಕರ ಸಭೆ ಯಾವತ್ತು ಅಂತ ನಾಳೆ ಹೆಡ್ ಮೇಷ್ಟ್ರನ್ನ ಕೇಳ್ತೀನಿ" ಎಂದು ಹೊರಟರು.

ನೀವೂ ಕೇಳಿ. ಸಭೆಗೆ ಹೋಗಿ. ಒಬ್ಬರೇ ಹೋಗಬೇಡಿ, ಪಕ್ಕದ ಮನೆಯ ಅಕ್ಕನನ್ನೂ ಕರೆದುಕೊಂಡು ಹೋಗಿ.

ಓದಿ, ಮಾತಾಡಿ

1. ನಿಮ್ಮ ಊರಿನ ಶಾಲೆಯ ಸಮಿತಿಯಲ್ಲಿ ಯಾರು ಯಾರು ಇದ್ದಾರೆ? ಅವರಲ್ಲಿ ಹೆಂಗಸರು ಎಷ್ಟು ಜನ?

2. ಸಮಿತಿಯ ಸಭೆ ಹಿಂದೆ ಯಾವಾಗ ಸೇರಿತ್ತು? ನಡವಳಿ ಪುಸ್ತಕ ನೋಡಿದ್ದೀರಾ?

3. ಸರ್ಕಾರಿ ಶಾಲೆಯ ಮೇಷ್ಟ್ರು ಕೆಲಸದಲ್ಲಿರುವಾಗ ಚುನಾವಣೆಗೆ ಯಾಕೆ ನಿಲ್ಲಬಾರದು? ಇದು ಸರಿಯೆ? ನಿಮ್ಮ ಅಭಿಪ್ರಾಯ ಹೇಳಿ.

4. ಪ್ರಾಥಮಿಕ ಶಾಲೆಯ ಶಿಕ್ಷಕರಿಗೂ ಶಿಕ್ಷಕರ ಕ್ಷೇತ್ರದಲ್ಲಿ ಓಟು ಇರಬೇಕೆ?

5. ನಿಮ್ಮ ಶಾಲೆಗೆ ಬೇಕಾದ ಮೂರು ವಸ್ತು ಬರೆಯಿರಿ. ಮೊದಲು ಬೇಕಾದದ್ದಕ್ಕೆ 1, ಆಮೇಲಿನದಕ್ಕೆ 2, ಕೊನೆಯದಕ್ಕೆ 3 ಎಂದು ಅಂಕಿ ಹಾಕಿ. ಕೆಳಗೆ ನಿಮ್ಮ ರುಜು ಹಾಕಿ.